.32 ಪಿಸ್ತೂಲು: 43 ಗುಂಡಿಗೆ 6 ಸಲ ನಿಂತಿತು, ನಿಮ್ಮದು ಹೇಗಿದೆ?

ಗೂಡು ಮಾರ್ಕೆಟ್, ಶಿಡ್ಲಘಟ್ಟ
ಸೋಮವಾರ ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಅಪ್ಪ ನೋಟಿನ ಕಟ್ಟು ಸೊಂಟಕ್ಕೆ ಕಟ್ಟಿಕೊಂಡು ಗೂಡು ಕೊಳ್ಳಲು ಹೋಗುತ್ತಿದ್ದ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ್ದರು. ಈಗ ದುಡ್ಡು ಬ್ಯಾಂಕಿನಿಂದಲೇ ಹೋಗುತ್ತದೆ, ಲೈಸೆನ್ಸ್ ಮಾತ್ರ ಉಳಿದಿದೆ. ಅಪ್ಪನಿಗೆ 70 ದಾಟಿದ ಮೇಲೆ ನನ್ನ ಹೆಸರಿಗೆ ಆಯಿತು. ಹಳೇ ರಿವಾಲ್ವರ್ ಮಾರಿ, ಒಂದೂವರೆ ವರ್ಷದ ಕೆಳಗೆ ಹೊಸ .32 ಪಿಸ್ತೂಲು ತಗೊಂಡೆ (.32 ಅಂದರೆ ಗುಂಡಿನ ಅಳತೆ). ತೀರಾ ಅಗ್ಗದ್ದಲ್ಲ, ಹಳೇ ವಿದೇಶಿ ಮಾಲಿನ ಹಾಗೆ ಹಲವು ಲಕ್ಷದ್ದೂ ಅಲ್ಲ. ಮಧ್ಯದ್ದು.

ಇದುವರೆಗೆ ಬೆಂಗಳೂರಿನ ಒಂದು ರೇಂಜ್‌ಗೆ ಮೂರು ಸಲ ಹೋಗಿ 43 ಗುಂಡು ಹೊಡೆದಿದ್ದೇನೆ. ಆರು ಸಲ ನಿಂತಿತು. ನಾಲ್ಕು ಸಲ ಗುಂಡಿನ ಮೂತಿ ಬ್ಯಾರಲ್ (ನಳಿಕೆ) ಬಾಯಿಗೆ ಹೋಗದೆ ಅಡ್ಡ ಕೂತಿತು. ಒಂದು ಸಲ ಹೊಡೆದ ಗುಂಡಿನ ಖಾಲಿ ಕೇಸ್, ಅಂದರೆ ಅದರ ಲೋಹದ ಕೋಶ, ಹೊರಗೆ ಹಾರದೆ, ಬಾಗಿಲ ಸಂದಿಗೆ ಬೆರಳು ಸಿಕ್ಕಿದ ಹಾಗೆ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್‌ಗೆ ಸಿಕ್ಕಿಕೊಂಡಿತು. ಇನ್ನೊಂದು ಸಲ ಬರೀ 'ಟಕ್', ಗುಂಡು ಹಾರಲೇ ಇಲ್ಲ.

ಅಂಗಡಿಯವರದು ಒಂದೇ ಮಾತು: 'ಹೊಸದಲ್ವಾ ಸಾರ್, ಸೆಟ್ ಆಗುತ್ತೆ.' ಹೊಸ ಚಪ್ಪಲಿ ಬಗ್ಗೆ ಹೇಳಿದ ಹಾಗೆ ಹೇಳುತ್ತಾರೆ. ನಿಜವಾಗಿ ಸೆಟ್ ಆಗುತ್ತಾ? ಇಲ್ಲ, ನನ್ನ ಲಕ್ಷ ರೂಪಾಯಿ ಹೋಯಿತಾ? ಇಟ್ಟುಕೊಂಡಿರುವವರು ನಿಮ್ಮ ಅನುಭವ ಹೇಳಿ.

ಟೊಮೆಟೊ ಮಂಡಿ, ವಡ್ಡಹಳ್ಳಿ
ಸೋಮವಾರ ರಾತ್ರಿ 10.05

ನನ್ನದೂ .32 ಪಿಸ್ತೂಲೇ. ಎಂಟು ವರ್ಷ ಆಯಿತು, ಒಂದು ದಿನ ಕೈ ಕೊಟ್ಟಿಲ್ಲ. ನಿಮ್ಮ ಅದೃಷ್ಟ ಸರಿಯಿಲ್ಲ ಅಷ್ಟೇ ಅಣ್ಣಾ. ಬದಲಾಯಿಸಿಕೊಡಿ ಅಂತ ಅಂಗಡಿಯವರ ಜೊತೆ ಜಗಳ ಆಡಿ.

ಲೆಕ್ಕದ ಮೇಡಂ, ತುಮಕೂರು
ಸೋಮವಾರ ರಾತ್ರಿ 10.11

ವಡ್ಡಹಳ್ಳಿಯವರೇ, ಎಂಟು ವರ್ಷದಲ್ಲಿ ಎಷ್ಟು ಗುಂಡು ಹೊಡೆದಿದ್ದೀರಿ?

ಟೊಮೆಟೊ ಮಂಡಿ, ವಡ್ಡಹಳ್ಳಿ
ಸೋಮವಾರ ರಾತ್ರಿ 10.20

ತಗೊಂಡ ವರ್ಷ ರೇಂಜ್‌ನಲ್ಲಿ ಹನ್ನೆರಡು ಹೊಡೆದೆ ಮೇಡಂ. ಆಮೇಲೆ ಎಲ್ಲಿ ಟೈಮ್? ಸೀಸನ್‌ನಲ್ಲಿ ನಿದ್ದೆಗೇ ಟೈಮ್ ಇಲ್ಲ.

ಮಾಜಿ ಹವಾಲ್ದಾರ್, ಮಾಲೂರು
ಸೋಮವಾರ ರಾತ್ರಿ 10.24

ಹನ್ನೆರಡು ಗುಂಡಿಗೆ ಎಂಟು ವರ್ಷದ ಸರ್ಟಿಫಿಕೇಟ್! ಟ್ರಾಕ್ಟರ್ ಶೆಡ್‌ನಲ್ಲೇ ಇದ್ದರೆ ಅದೂ ಕೆಡುವುದಿಲ್ಲ ಯಜಮಾನ್ರೇ.

ಕಟ್ಟೆ ನೋಡಿಕೊಳ್ಳುವವರು
ಸೋಮವಾರ ರಾತ್ರಿ 10.40

ಮುಂದೆ ಬರೆಯುವವರಿಗೆ ಒಂದು ಮಾತು. ನಿಮ್ಮ ಪಿಸ್ತೂಲು ಕೆಟ್ಟ ಕಥೆ ಹೇಳುವಾಗ ಕಂಪನಿ, ಅಂಗಡಿ, ರಿಪೇರಿಯವರು, ಠಾಣೆ, ಯಾರ ಹೆಸರೂ ಬೇಡ. ಲೈಸೆನ್ಸ್ ನಂಬರ್, ಪಿಸ್ತೂಲಿನ ನಂಬರ್ ಕಾಣುವ ಫೋಟೋನೂ ಬೇಡ. ಹೋದ ಸಲ ಒಬ್ಬರು ಹಾಕಿದ್ದರು, ಅಳಿಸುವಷ್ಟರಲ್ಲಿ ಸಾಕಾಯಿತು.

ಮಾಜಿ ಹವಾಲ್ದಾರ್, ಮಾಲೂರು
ಸೋಮವಾರ ರಾತ್ರಿ 11.15

ಶಿಡ್ಲಘಟ್ಟದವರೇ, ನಾನು ಸೈನ್ಯದಲ್ಲಿ ಆಯುಧ ರಿಪೇರಿ ವಿಭಾಗದಲ್ಲಿದ್ದವನು. ಅಲ್ಲಿ ನಮ್ಮ ಕೈಗೆ ಬರುತ್ತಿದ್ದದ್ದು 9 ಎಂಎಂ ಪಿಸ್ತೂಲು, ಬ್ರೌನಿಂಗ್ ಹೈ ಪವರ್ ಅನ್ನುವ ವಿದೇಶಿ ಪಿಸ್ತೂಲು ನೋಡಿ ಇಶಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ಮಾಡಿದ್ದು. ಅದು ನಿಮಗೆ, ಈಗ ನನಗೂ ಸಿಗುವುದಿಲ್ಲ. 9 ಎಂಎಂ ಸಾಮಾನ್ಯ ಜನರಿಗೆ ನಿಷೇಧ. ಆದ್ದರಿಂದ ಯೂಟ್ಯೂಬ್‌ನಲ್ಲಿ ಅಮೆರಿಕದವನು ಇದು ಬೆಸ್ಟ್, ಅದು ವೇಸ್ಟ್ ಅನ್ನುವ ಪಟ್ಟಿಯಲ್ಲಿ ಮುಕ್ಕಾಲು ಪಾಲು ನಮಗೆ ಸಂಬಂಧವೇ ಇಲ್ಲ. ನಮ್ಮ ಪ್ರಪಂಚ ಹೆಚ್ಚಾಗಿ .32.

ಪಿಸ್ತೂಲು ನಿಂತಿತು ಅಂದ ತಕ್ಷಣ ಎಲ್ಲರೂ ಪಿಸ್ತೂಲನ್ನೇ ಬೈಯುತ್ತಾರೆ. ನಾನು ಮೊದಲು ಮ್ಯಾಗಝಿನ್, ಅಂದರೆ ಗುಂಡು ತುಂಬಿ ಹಿಡಿಯೊಳಗೆ ತಳ್ಳುವ ಪೆಟ್ಟಿಗೆ, ನೋಡುತ್ತೇನೆ. ಆಮೇಲೆ ಗುಂಡು. ಆಮೇಲೆ ಎಣ್ಣೆ, ಕೊಳೆ. ಆಮೇಲೆ ಹಿಡಿದವನ ಕೈ. ಕೊನೆಗೆ ಪಿಸ್ತೂಲು.

ಪಿಸ್ತೂಲಿನ .32 ಗುಂಡನ್ನು (.32 ಎಸಿಪಿ ಅಂತ ಹೆಸರು) ಒಂದು ಸಲ ಬೆಳಕಿಗೆ ಹಿಡಿದು ನೋಡಿ. ಇದು ಅಮೆರಿಕದ ಆಯುಧ ವಿನ್ಯಾಸಕ ಬ್ರೌನಿಂಗ್ 1899ರ ಸುಮಾರಿಗೆ ಮಾಡಿದ ಗುಂಡು. ಹಿಂಭಾಗದ ಅಂಚು ಕೇಸ್‌ಗಿಂತ ಒಂದು ಕೂದಲಷ್ಟು ಹೊರಗೆ ಚಾಚಿಕೊಂಡಿರುತ್ತದೆ. ಬೆರಳಿನ ಉಗುರು ಆಡಿಸಿದರೆ ಗೊತ್ತಾಗುತ್ತದೆ. ಈಗಿನ ಪಿಸ್ತೂಲು ಗುಂಡುಗಳಲ್ಲಿ ಸಾಮಾನ್ಯವಾಗಿ ಹೀಗೆ ಇರುವುದಿಲ್ಲ. ಮ್ಯಾಗಝಿನ್ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತರೆ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಸ್ಲೈಡ್ ಎಷ್ಟು ತಳ್ಳಿದರೂ ಮೇಲಿನದು ಮುಂದೆ ಬರುವುದಿಲ್ಲ. ಮ್ಯಾಗಝಿನ್ ತೆಗೆದು ಗುಂಡು ಒಂದೊಂದಾಗಿ ಬಿಡಿಸಬೇಕು. ಸ್ಲೈಡ್ ಎಳೆದು ಬಿಟ್ಟರೆ ಸರಿಹೋಗುವ ಜಾತಿಯ ತೊಂದರೆ ಅಲ್ಲ ಇದು. ನಿಮ್ಮ ನಾಲ್ಕರಲ್ಲಿ ಒಂದೆರಡಾದರೂ ಇದೇ ಇರಬಹುದು.

ಎರಡನೆಯದು, ಈ ಪಿಸ್ತೂಲುಗಳಲ್ಲಿ ಬ್ಯಾರಲ್‌ಗೆ ಸಾಮಾನ್ಯವಾಗಿ ಬೀಗ ಇರುವುದಿಲ್ಲ. ಸ್ಲೈಡ್‌ನ ತೂಕ, ಅದರ ಸ್ಪ್ರಿಂಗ್, ಇವೆರಡೇ ಹಿಂಭಾಗವನ್ನು ಮುಚ್ಚಿ ಹಿಡಿಯುವುದು. ಹೊಸದರಲ್ಲಿ ಸ್ಪ್ರಿಂಗ್ ಬಿಗಿ. ಗುಂಡು ಸ್ವಲ್ಪ ಬಲ ಕಡಿಮೆ ಇದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ, ಕೇಸ್ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ 'ಸೆಟ್ ಆಗುತ್ತೆ' ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಆದರೆ ಆರೂ ತಪ್ಪಿಗೆ ಅದೊಂದೇ ಉತ್ತರ ಕೊಟ್ಟರೆ ಅದು ವ್ಯಾಪಾರ.

ನನಗೆ ಮೂರು ವಿಷಯ ಹೇಳಿ. ಮ್ಯಾಗಝಿನ್ ಎಷ್ಟಿವೆ, ಯಾವುದರಲ್ಲಿ ನಿಂತಿತು? ಯಾವ ಎಣ್ಣೆ ಹಾಕುತ್ತೀರಿ? ಆಯುಧ ಪೂಜೆ ಮಾಡಿದ್ದೀರಾ?

ಗೂಡು ಮಾರ್ಕೆಟ್, ಶಿಡ್ಲಘಟ್ಟ
ಮಂಗಳವಾರ ಬೆಳಗ್ಗೆ 6.30

ಮ್ಯಾಗಝಿನ್ ಎರಡು. ಯಾವುದರಲ್ಲಿ ನಿಂತಿತು ನೋಡಿಲ್ಲ ಸಾರ್, ಎರಡೂ ಒಂದೇ ತರಹ ಇವೆ. ಎಣ್ಣೆ ಹೊಲಿಗೆ ಮೆಷಿನ್‌ದು. ಪೂಜೆ ಮಾಡಿದ್ದೇವೆ, ಅಮ್ಮ ಮಾಡದೆ ಬಿಡುತ್ತಾರಾ? ಪಿಸ್ತೂಲು ನಿಲ್ಲುವುದಕ್ಕೂ ಪೂಜೆಗೂ ಏನು ಸಂಬಂಧ?

ಮಾಜಿ ಹವಾಲ್ದಾರ್, ಮಾಲೂರು
ಮಂಗಳವಾರ ಬೆಳಗ್ಗೆ 6.42

ಕುಂಕುಮ ಎಲ್ಲಿಗೆ ಹಚ್ಚಿದರು?

ಗೂಡು ಮಾರ್ಕೆಟ್, ಶಿಡ್ಲಘಟ್ಟ
ಮಂಗಳವಾರ ಬೆಳಗ್ಗೆ 6.44

ಸ್ಲೈಡ್ ಮೇಲೆ. ಹಿಂದುಗಡೆ. ಅಯ್ಯೋ.

ಕೊಬ್ಬರಿ ಮಂಡಿ, ತಿಪಟೂರು
ಮಂಗಳವಾರ ಬೆಳಗ್ಗೆ 8.10

ಕುಂಕುಮ ಏನೂ ಅಲ್ಲ, ನನ್ನ ಕಥೆ ಕೇಳಿ. ನಗಬೇಡಿ.

ನಾವು ತಿಪಟೂರಿನವರು. ಮನೆಯಲ್ಲಿ ಬಾಗಿಲ ಕೀಲಿಗೂ ಅದೇ, ತಲೆಗೂ ಅದೇ, ಅಡುಗೆಗೂ ಅದೇ. ಪಿಸ್ತೂಲಿಗೂ ಅದೇ ಹಾಕಿದೆ. ಶುದ್ಧ ಗಾಣದ ಕೊಬ್ಬರಿ ಎಣ್ಣೆ, ಅಂಗಡಿ ಎಣ್ಣೆಗಿಂತ ಒಳ್ಳೇದು ಅಂತ ನನ್ನ ಲೆಕ್ಕ. ಬೇಸಿಗೆಯಲ್ಲಿ ರೇಂಜ್‌ಗೆ ಹೋದಾಗ ಬೆಣ್ಣೆ ತರಹ ಓಡಿತು. ಇಪ್ಪತ್ತು ಗುಂಡು, ಒಂದೂ ತಪ್ಪಲಿಲ್ಲ. ಊರೆಲ್ಲ ಹೇಳಿಕೊಂಡು ಬಂದೆ.

ಡಿಸೆಂಬರ್‌ನಲ್ಲಿ ಬೆಳಗ್ಗೆ ಏಳು ಗಂಟೆಗೆ ಮತ್ತೆ ಹೋದೆ. ಮೊದಲನೇ ಗುಂಡು 'ಟಕ್'. ಎರಡನೆಯದು 'ಟಕ್'. ಗುಂಡಿನ ಹಿಂಭಾಗ ನೋಡಿದರೆ, ಅದಕ್ಕೆ ಬಡಿದು ಗುಂಡು ಹಾರಿಸುವ ಪಿನ್ ಹೊಡೆದ ಗುರುತು ಸೊಳ್ಳೆ ಕಚ್ಚಿದಷ್ಟಿದೆ. ರೇಂಜ್‌ನವರು ಬಿಚ್ಚಿ ಒಳಗೆ ಕಡ್ಡಿ ಹಾಕಿ ತೆಗೆದರು. ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ! ಪಿನ್ ಓಡಾಡುವ ತೂತಿನ ತುಂಬ ಅದೇ. ಚಳಿಗಾಲದಲ್ಲಿ ಬಾಟಲಿಯಿಂದ ಎಣ್ಣೆ ಬೀಳದೆ ಬಿಸಿಲಿಗೆ ಇಡುತ್ತೇವಲ್ಲ, 24 ಡಿಗ್ರಿ ಆಸುಪಾಸಿಗೆ ಬಂದರೆ ಗಟ್ಟಿ ಆಗುತ್ತದೆ. ನಮ್ಮ ಎಣ್ಣೆ ಬಗ್ಗೆ ಇಷ್ಟೂ ಗೊತ್ತಿಲ್ಲದವನಾ ನಾನು? ಗೊತ್ತಿತ್ತು. ಪಿಸ್ತೂಲಿನ ಒಳಗೂ ಅದು ಎಣ್ಣೆಯೇ ಅಂತ ಹೊಳೆಯಲಿಲ್ಲ.

ರೇಂಜ್‌ನವರು ಕೇಳಿದ ಪ್ರಶ್ನೆ ಈಗಲೂ ನೆನಪಿದೆ: 'ಸಾರ್, ಒಗ್ಗರಣೆ ಹಾಕೋಣ್ವಾ?'

ಮಾಜಿ ಹವಾಲ್ದಾರ್, ಮಾಲೂರು
ಮಂಗಳವಾರ ಬೆಳಗ್ಗೆ 8.30

ನಕ್ಕು ನಕ್ಕು ಕಾಫಿ ಚೆಲ್ಲಿತು. ಆದರೂ ಒಂದು ಮಾತು. ಪಿನ್ ಓಡಾಡುವ ತೂತಿಗೆ ಯಾವ ಎಣ್ಣೆಯೂ ಬೇಡ, ಆಯುಧದ ಎಣ್ಣೆಯೂ ಬೇಡ. ಅದು ಒಣಗಿರಬೇಕು. ಎಣ್ಣೆ ಬೇಕಾಗಿರುವುದು ಸ್ಲೈಡ್ ಜಾರುವ ಜಾಡಿನಲ್ಲಿ, ಬ್ಯಾರಲ್ ಹೊರಮೈಗೆ. ಒಂದೊಂದು ತೊಟ್ಟು. ಹೊಲಿಗೆ ಮೆಷಿನ್ ಎಣ್ಣೆ ತೆಳು, ಹೆಚ್ಚು ದಿನ ನಿಲ್ಲುವುದಿಲ್ಲ, ಹಾಕುತ್ತಲೇ ಇರುವವರಿಗೆ ಸರಿ. ಬೀರುವಿನಲ್ಲಿ ವರ್ಷಗಟ್ಟಲೆ ಇಡುವವರಿಗೆ ಅಲ್ಲ.

ಮಾವಿನ ತೋಟ, ಶ್ರೀನಿವಾಸಪುರ
ಮಂಗಳವಾರ ಮಧ್ಯಾಹ್ನ 1.15

ನನ್ನದು ತಾತನ ಕಾಲದ ಜರ್ಮನಿ ವಾಲ್ಥರ್ ಪಿಪಿ, .32. ಈ ಮಾದರಿ ಮೊದಲು ಬಂದದ್ದು 1929ರಲ್ಲಿ. ನನಗಿಂತ ಹಿರಿಯ ಪಿಸ್ತೂಲು. ಎಂಬತ್ತರ ದಶಕದಲ್ಲಿ ಜನಸಾಮಾನ್ಯರಿಗೆ ಹೊರದೇಶದ ಪಿಸ್ತೂಲು ತರಿಸುವುದು ನಿಂತ ಮೇಲೆ ಇಂಥವಕ್ಕೆ ಬೆಲೆ ಏರಿದ್ದು ಏರಿದ್ದೇ. ಒಬ್ಬರು ಜಮೀನಿನ ಬೆಲೆ ಕೊಡುತ್ತೇನೆ ಅಂದರು. ಕೊಡಲಿಲ್ಲ.

ಆದರೆ ಹಳೇ ವಿದೇಶಿ ಅಂದ ತಕ್ಷಣ ಕಣ್ಣು ಮುಚ್ಚಿ ನಂಬಬೇಡಿ. ಇದು ಹಾಳಾದದ್ದು ಹೊಡೆದು ಅಲ್ಲ, ಇಟ್ಟು. 2023ರ ಮೇ ವಿಧಾನಸಭೆ ಚುನಾವಣೆಗೆ ಠಾಣೆಗೆ ಒಪ್ಪಿಸಿದೆ, ತೊಗಲಿನ ಚೀಲದ ಸಮೇತ. ವಾಪಸ್ ಬಂದಾಗ ಸ್ಲೈಡ್‌ನ ಒಂದು ಮಗ್ಗುಲಿಗೆ ಕಂದು ಚುಕ್ಕೆ. ತೊಗಲು ತೇವ ಹೀರುತ್ತದೆ, ಹದ ಮಾಡಿದ ಉಪ್ಪು ಅದರಲ್ಲೇ ಇರುತ್ತದೆ. ತಪ್ಪು ಠಾಣೆಯವರದಲ್ಲ, ನನ್ನದೇ. 2024ರ ಏಪ್ರಿಲ್ ಲೋಕಸಭೆ ಚುನಾವಣೆಗೆ ಚೀಲ ಮನೆಯಲ್ಲಿಟ್ಟು, ಪಿಸ್ತೂಲಿಗೆ ತೆಳ್ಳಗೆ ಎಣ್ಣೆ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಹೇಗೆ ಹೋಯಿತೋ ಹಾಗೇ ಬಂತು. ಲೈಸೆನ್ಸ್ ಇರುವ ಆಯುಧದ ಅಂಗಡಿಯಲ್ಲೂ ಒಪ್ಪಿಸಬಹುದು, ಬಾಡಿಗೆ ಕೇಳುತ್ತಾರೆ. ರಸೀದಿ ಮರೆಯಬೇಡಿ.

ಸ್ಪ್ರಿಂಗ್ ಮಾತ್ರ ಹಳೆಯದಾಗಿತ್ತು. ಹೊಸದು ಹುಡುಕಲು ಒಂದು ವರ್ಷ ಹಿಡಿಯಿತು. ಮಧ್ಯದ ಬೆಲೆಯ ಹೊಸ ಪಿಸ್ತೂಲಿನ ದೊಡ್ಡ ಸುಖ ಅದೇ ನೋಡಿ, ಬಿಡಿಭಾಗ ಎಲ್ಲೋ ಒಂದು ಕಡೆ ಸಿಗುತ್ತದೆ.

ಹೊಸಬ, ಚಿಂತಾಮಣಿ
ಮಂಗಳವಾರ ಸಂಜೆ 6.20

ನನಗೆ ಈಗ ಲೈಸೆನ್ಸ್ ಆಗುವ ಹಂತದಲ್ಲಿದೆ. ಎರಡು ಪ್ರಶ್ನೆ. ಇಷ್ಟೆಲ್ಲ ತಲೆನೋವು ಇದ್ದರೆ ರಿವಾಲ್ವರ್ರೇ ವಾಸಿ ಅಲ್ವಾ? ಮತ್ತೆ, ರೇಂಜ್‌ಗೆ ಹೋಗಲು ಆಗದಿದ್ದರೆ ಊರ ಜಾತ್ರೆಯಲ್ಲೋ ಮದುವೆಯಲ್ಲೋ ಮೇಲಕ್ಕೆ ಎರಡು ಹೊಡೆದು ಟೆಸ್ಟ್ ಮಾಡಬಹುದಾ?

ಕಟ್ಟೆ ನೋಡಿಕೊಳ್ಳುವವರು
ಮಂಗಳವಾರ ಸಂಜೆ 6.25

ಎರಡನೇದಕ್ಕೆ ಉತ್ತರ: ಇಲ್ಲ. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲ 1 ಲಕ್ಷದವರೆಗೆ ದಂಡ, ಇಲ್ಲ ಎರಡೂ. ಮೇಲೆ ಹೋದ ಗುಂಡು ಯಾರದೋ ಮನೆ ಮೇಲೆ ಬೀಳುತ್ತದೆ ತಮ್ಮಾ. ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಸೇರಿದ್ದೀಯಾ? ಮೊದಲು ಅಲ್ಲಿಗೆ ಹೋಗು.

ಬ್ಯಾಂಕ್ ಗನ್‌ಮನ್, ಕೆಜಿಎಫ್
ಮಂಗಳವಾರ ಸಂಜೆ 7.00

ನನ್ನದು ಹನ್ನೆರಡು ಬೋರ್ ಜೋಡಿ ನಳಿಕೆ ಬಂದೂಕು. ಮುರಿ, ಹಾಕು, ಮುಚ್ಚು. ಸ್ಲೈಡ್ ಇಲ್ಲ, ಮ್ಯಾಗಝಿನ್ ಇಲ್ಲ, ಕುಂಕುಮದ ಚಿಂತೆ ಇಲ್ಲ. ಹತ್ತೊಂಬತ್ತು ವರ್ಷದಿಂದ ಬ್ಯಾಂಕ್ ಬಾಗಿಲಲ್ಲಿ ನಿಂತಿದ್ದೇನೆ. ನಿಂತು ಕಾಲು ನೋವು ಬಂತು, ಬಂದೂಕಿಗೆ ಏನೂ ಆಗಿಲ್ಲ.

ಮಾಜಿ ಹವಾಲ್ದಾರ್, ಮಾಲೂರು
ಮಂಗಳವಾರ ರಾತ್ರಿ 8.40

ಚಿಂತಾಮಣಿ ತಮ್ಮನ ಮೊದಲನೇ ಪ್ರಶ್ನೆಗೆ. ರಿವಾಲ್ವರ್‌ನಲ್ಲಿ ಒಂದು ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ. ಆ ಲೆಕ್ಕದಲ್ಲಿ ರಿವಾಲ್ವರ್ ಗೆಲ್ಲುತ್ತದೆ. ಆದರೆ ಒಳಗೆ ಏನಾದರೂ ಕೆಟ್ಟರೆ ಪಿಸ್ತೂಲಿನ ಹಾಗೆ ಕೈಯಲ್ಲಿ ಬಿಡಿಸಲು ಆಗುವುದಿಲ್ಲ, ರಿಪೇರಿಯವರ ಹತ್ತಿರವೇ ಹೋಗಬೇಕು. ಸರ್ಕಾರಿ ಕಾರ್ಖಾನೆಗಳ ಸಾಲಿನಲ್ಲೇ 2014ರಲ್ಲಿ ನಿರ್ಭೀಕ್, 2023ರಲ್ಲಿ ಪ್ರಬಲ್ ಬಂದವು. ಎರಡೂ .32 ರಿವಾಲ್ವರ್. ಅಂಗಡಿಯಲ್ಲಿ ಲೈಸೆನ್ಸ್ ಕೈಯಲ್ಲಿ ಹಿಡಿದು ಎರಡು ಜಾತಿಯನ್ನೂ ಎತ್ತಿ ನೋಡು. ಟ್ರಿಗರ್ ಭಾರ ನಿನ್ನ ಬೆರಳಿಗೆ ಒಪ್ಪಬೇಕು.

ಒಂದು ಎಚ್ಚರಿಕೆ. ರಿವಾಲ್ವರ್‌ನ .32, ಪಿಸ್ತೂಲಿನ .32, ಎರಡು ಬೇರೆ ಬೇರೆ ಗುಂಡು. ರಿವಾಲ್ವರ್‌ದು ಉದ್ದ, ಹಿಂದೆ ಅಗಲ ಅಂಚು. ಪಿಸ್ತೂಲಿನ ಕೇಸ್ ಉದ್ದ ಸುಮಾರು 17 ಮಿಲಿಮೀಟರ್, ರಿವಾಲ್ವರ್‌ದು 23ರ ಮೇಲೆ. '.32 ಕೊಡಿ' ಅಂತ ಸುಮ್ನೆ ಕೇಳಿ ಡಬ್ಬಿ ತಂದು ಮನೆಯಲ್ಲಿ ತೆರೆದು ನೋಡಿದವರನ್ನು ಕಂಡಿದ್ದೇನೆ.

ಶೇಂಗಾ ಹೊಲ, ಪಾವಗಡ
ಮಂಗಳವಾರ ರಾತ್ರಿ 9.30

ಗುಂಡಿನ ವಿಷಯ ಬಂತಲ್ಲ, ನನ್ನದೂ ಒಂದು.

ನಮ್ಮೂರಿನ ಬಿಸಿಲು ಗೊತ್ತಲ್ಲ. ಮನೆಗೆ ತಗಡಿನ ಸೂರು. ಗುಂಡಿನ ಡಬ್ಬಿ ಮಕ್ಕಳ ಕೈಗೆ ಸಿಗಬಾರದು ಅಂತ ಅಟ್ಟದ ಮೇಲಿನ ಟ್ರಂಕ್‌ನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಏಳು ಬೇಸಿಗೆ ಅಲ್ಲೇ ಬೆಂದವು. ರೇಂಜ್‌ನಲ್ಲಿ ಹೊಡೆದಾಗ ನಾಲ್ಕನೇ ಗುಂಡು 'ಢಂ' ಅನ್ನಲಿಲ್ಲ. 'ಪುಸ್' ಅಂತು. ಒದ್ದೆ ಪಟಾಕಿ ಹೊಡೆದ ಹಾಗೆ. ಕೇಸ್ ಹೊರಗೆ ಬೀಳಲಿಲ್ಲ. ನಾನು ಅಭ್ಯಾಸದಂತೆ ಸ್ಲೈಡ್ ಎಳೆದು ಮುಂದಿನದು ಹೊಡೆಯಲು ಹೋದೆ. ಪಕ್ಕದಲ್ಲಿದ್ದವರು ಕೈ ಹಿಡಿದು 'ನಿಲ್ಲಿಸಿ' ಅಂತ ಕೂಗಿದರು. ಗುಂಡು ಖಾಲಿ ಮಾಡಿ, ಪಿಸ್ತೂಲು ಬಿಚ್ಚಿ, ಬ್ಯಾರಲ್ ಒಂದನ್ನೇ ತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ಆ ಕಡೆಯ ಬೆಳಕು ಕಾಣಲಿಲ್ಲ. ಗುಂಡು ಅರ್ಧದಲ್ಲಿ ನಿಂತಿತ್ತು.

ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ಬ್ಯಾರಲ್ ಉಬ್ಬುತ್ತಿತ್ತೋ, ಸೀಳುತ್ತಿತ್ತೋ. ಕೈ ಆ ದಿನ ಸಂಜೆವರೆಗೂ ನಡುಗಿತು. ಈಗ ಡಬ್ಬಿ ಕೆಳಗಿನ ಕೋಣೆಯ ಕಬ್ಬಿಣದ ಬೀರುವಿನಲ್ಲಿದೆ, ಬೀಗ ಹಾಕಿ. ಹಳೇ ಗುಂಡು ಮೊದಲು ರೇಂಜ್‌ಗೆ, ಹೊಸದು ಮನೆಗೆ.

ಮಾಜಿ ಹವಾಲ್ದಾರ್, ಮಾಲೂರು
ಮಂಗಳವಾರ ರಾತ್ರಿ 9.45

ಪಾವಗಡದವರ ಮಾತು ಎಲ್ಲರೂ ಎರಡು ಸಲ ಓದಿ. ಶಬ್ದ ಸಣ್ಣದಾದರೆ ನಿಲ್ಲಿಸಬೇಕು. 'ಟಕ್' ಅಂದು ಹಾರದಿದ್ದರೆ ಮೂತಿ ಗುರಿ ಕಡೆಗೇ ಹಿಡಿದು 30 ಎಣಿಸಿ, ಆಮೇಲೆ ಸ್ಲೈಡ್ ಎಳೆಯಿರಿ. ಕೆಲವು ಗುಂಡು ತಡವಾಗಿ ಹಾರುತ್ತವೆ.

ಟೊಮೆಟೊ ಮಂಡಿ, ವಡ್ಡಹಳ್ಳಿ
ಮಂಗಳವಾರ ರಾತ್ರಿ 10.02

ನನ್ನ ಗುಂಡೂ ಎಂಟು ವರ್ಷದ್ದೇ. ಮಂಡಿಯ ತಗಡಿನ ಆಫೀಸಿನಲ್ಲಿ. ಏನು ಮಾಡಲಿ?

ಲೆಕ್ಕದ ಮೇಡಂ, ತುಮಕೂರು
ಬುಧವಾರ ಬೆಳಗ್ಗೆ 7.30

ನಾನು ಗಣಿತ ಪಾಠ ಮಾಡಿ ನಿವೃತ್ತಿಯಾದವಳು. ಪಿಸ್ತೂಲು ನನ್ನದೇ, ಲೈಸೆನ್ಸೂ ನನ್ನದೇ. ಪ್ರತಿ ಸಲ ಯಾರೋ ಒಬ್ಬರು 'ಯಜಮಾನರದಾ ಮೇಡಂ?' ಅಂತ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳಿದೆ.

ನಾನು ಎರಡು ಮ್ಯಾಗಝಿನ್‌ಗೂ ನೇಲ್ ಪಾಲಿಶ್‌ನಲ್ಲಿ 1, 2 ಅಂತ ಬರೆದು, ಪ್ರತಿ ಗುಂಡಿನ ಲೆಕ್ಕ ಒಂದು ನೋಟ್‌ಬುಕ್‌ನಲ್ಲಿ ಇಟ್ಟಿದ್ದೇನೆ. ನಾಲ್ಕು ವರ್ಷದಲ್ಲಿ 212 ಗುಂಡು. 9 ಸಲ ನಿಂತಿದೆ. ಇಷ್ಟೇ ಹೇಳಿದರೆ ಪಿಸ್ತೂಲು ಸಾಧಾರಣ ಅನಿಸುತ್ತದೆ. ಬಿಡಿಸಿ ನೋಡಿ. ಮ್ಯಾಗಝಿನ್ 1ರಲ್ಲಿ 120 ಗುಂಡು, 2 ತಪ್ಪು. ಅದರಲ್ಲಿ ಒಂದು ನನ್ನ ಹೆಬ್ಬೆರಳು ಸ್ಲೈಡ್‌ಗೆ ತಾಗಿದ್ದು, ಪಾಪ ಪಿಸ್ತೂಲಿನದಲ್ಲ. ಮ್ಯಾಗಝಿನ್ 2ರಲ್ಲಿ 92 ಗುಂಡು, 7 ತಪ್ಪು. ಅಂದರೆ ಹದಿಮೂರು ಗುಂಡಿಗೊಮ್ಮೆ. ಒಂದೇ ಪಿಸ್ತೂಲು, ಒಂದೇ ಕೈ, ಒಂದೇ ಡಬ್ಬಿ ಗುಂಡು. ಮ್ಯಾಗಝಿನ್ ಬೇರೆ, ಅಷ್ಟೇ. ನೋಟ್‌ಬುಕ್ ಇಲ್ಲದಿದ್ದರೆ ನಾನೂ ಕಂಪನಿಗೆ ಬೈದುಕೊಂಡು ಕೂರುತ್ತಿದ್ದೆ.

ಈಗ ವಡ್ಡಹಳ್ಳಿಯವರ ಹನ್ನೆರಡು ಗುಂಡು. ಹದಿಮೂರಕ್ಕೊಮ್ಮೆ ನಿಲ್ಲುವ ಕೆಟ್ಟ ಮ್ಯಾಗಝಿನ್ ಇಟ್ಟುಕೊಂಡೂ ಸತತ ಹನ್ನೆರಡು ಗುಂಡು ಸರಾಗವಾಗಿ ಹೋಗುವ ಸಾಧ್ಯತೆ ಎಷ್ಟು ಗೊತ್ತಾ? ಹದಿಮೂರರಲ್ಲಿ ಹನ್ನೆರಡು, ಅದನ್ನು ಹನ್ನೆರಡು ಸಲ ಗುಣಿಸಿ. ಹತ್ತರಲ್ಲಿ ಹತ್ತಿರ ಹತ್ತಿರ ನಾಲ್ಕು ಬರುತ್ತದೆ. ಅಂದರೆ ಅಂಥ ಪಿಸ್ತೂಲು ಇಟ್ಟುಕೊಂಡ ಹತ್ತು ಜನರಲ್ಲಿ ನಾಲ್ಕು ಜನ 'ನನ್ನದು ಒಂದು ದಿನ ಕೈ ಕೊಟ್ಟಿಲ್ಲ' ಅಂತ ಇಲ್ಲಿ ಬಂದು ಬರೆಯಬಹುದು. ಸುಳ್ಳು ಹೇಳುತ್ತಿಲ್ಲ ಅವರು. ಗೊತ್ತಿಲ್ಲ ಅಷ್ಟೇ.

ತಿಪಟೂರಿನವರ ಇಪ್ಪತ್ತು ಬೇಸಿಗೆ ಗುಂಡೂ ಅದೇ ಕಥೆ. ನೂರು ಗುಂಡು ಒಂದೂ ನಿಲ್ಲದೆ ಹೋದರೆ, ನಾನು ಆ ಪಿಸ್ತೂಲನ್ನೂ ಆ ಮ್ಯಾಗಝಿನ್ನನ್ನೂ ಒಟ್ಟಿಗೆ ನಂಬುತ್ತೇನೆ. 1911ರ ಮಾರ್ಚ್‌ನಲ್ಲಿ ಅಮೆರಿಕದ ಸೈನ್ಯ ಬ್ರೌನಿಂಗ್‌ನ ಕೋಲ್ಟ್ ಪಿಸ್ತೂಲು ಪರೀಕ್ಷಿಸಿದಾಗ 6,000 ಗುಂಡು ಹೊಡೆದರಂತೆ, ಒಮ್ಮೆಯೂ ನಿಲ್ಲಲಿಲ್ಲ. ಬಿಸಿಯಾದಾಗ ನೀರಿನ ಬಕೆಟ್‌ಗೆ ಅದ್ದಿ ಮತ್ತೆ ಹೊಡೆದರು. ನಮಗೆ 6,000 ಕನಸು ಬಿಡಿ. ಲೈಸೆನ್ಸ್‌ನಲ್ಲಿ ಬರೆದಷ್ಟೇ ಗುಂಡು, ಖಾಲಿ ಕೇಸ್ ವಾಪಸ್ ತೋರಿಸಿ ಅನ್ನುವ ಅಂಗಡಿ, ಒಂದೊಂದು ಗುಂಡೂ ದುಬಾರಿ. ಆದರೂ ಹನ್ನೆರಡಕ್ಕೆ ನಿಲ್ಲಿಸಬೇಡಿ. ವರ್ಷಕ್ಕೆ ಇಪ್ಪತ್ತೈದಾದರೂ ಹೊಡೆಯಿರಿ, ಬರೆದಿಡಿ.

ವಡ್ಡಹಳ್ಳಿಯವರೇ, ನಿಮ್ಮ ಹಳೇ ಗುಂಡು ರೇಂಜ್‌ನವರಿಗೆ ಮೊದಲೇ ಹೇಳಿ, ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದಾಗಿ ಹೊಡೆಯಿರಿ. ಹೊಲದಲ್ಲಿ ಬೇಡ.

ಟೊಮೆಟೊ ಮಂಡಿ, ವಡ್ಡಹಳ್ಳಿ
ಬುಧವಾರ ಬೆಳಗ್ಗೆ 8.05

ಶಾಲೆಯಲ್ಲಿ ನೀವು ಸಿಕ್ಕಿದ್ದರೆ ನಾನು ಎಸ್ಸೆಸ್ಸೆಲ್ಸಿ ಪಾಸಾಗುತ್ತಿದ್ದೆ ಮೇಡಂ. ಭಾನುವಾರ ಹೋಗುತ್ತೇನೆ.

ಆನೆ ಗಡಿ, ಕಾಮಸಮುದ್ರ
ಬುಧವಾರ ಬೆಳಗ್ಗೆ 11.40

ನಮ್ಮ ಕಡೆ ರಾತ್ರಿ ಆನೆ ಬರುತ್ತವೆ. ಪಿಸ್ತೂಲು ಹೊಡೆದು ಓಡಿಸಲು ಆಗುತ್ತಾ?

ಕಟ್ಟೆ ನೋಡಿಕೊಳ್ಳುವವರು
ಬುಧವಾರ ಬೆಳಗ್ಗೆ 11.44

ಬೇಡ. ಅರಣ್ಯ ಇಲಾಖೆಗೆ ಫೋನ್ ಮಾಡಿ. ಈ ಚರ್ಚೆ ಇಲ್ಲಿಗೆ ಎಳೆಯಬೇಡಿ.

ಹೊಸಬ, ಚಿಂತಾಮಣಿ
ಬುಧವಾರ ಮಧ್ಯಾಹ್ನ 3.10

ನಮ್ಮೂರ ಲೇತ್ ಅಂಗಡಿಯವರು ಮ್ಯಾಗಝಿನ್‌ನಿಂದ ಬ್ಯಾರಲ್‌ಗೆ ಗುಂಡು ಹೋಗುವ ಇಳಿಜಾರನ್ನು ನೈಸಾಗಿ ಉಜ್ಜಿಕೊಟ್ಟರೆ ಸಿಕ್ಕಿಕೊಳ್ಳುವುದಿಲ್ಲ ಅಂತಾರೆ. ಹೌದಾ ಹವಾಲ್ದಾರ್ ಸಾರ್?

ಮಾಜಿ ಹವಾಲ್ದಾರ್, ಮಾಲೂರು
ಬುಧವಾರ ಮಧ್ಯಾಹ್ನ 3.30

ಕೈ ಮುಗಿಯುತ್ತೇನೆ, ಬೇಡ. ಉಜ್ಜಿದ ಕಬ್ಬಿಣ ವಾಪಸ್ ಬರುವುದಿಲ್ಲ. ಕೋನ ಹೆಚ್ಚು ಕಡಿಮೆ ಆದರೆ ಒಳಗೆ ಕೂತ ಕೇಸ್‌ನ ಹಿಂಭಾಗಕ್ಕೆ ಕೆಳಗಿನಿಂದ ಆಸರೆ ಇರುವುದಿಲ್ಲ, ಒಡೆಯಬಹುದು. ಅಲ್ಲದೆ ಆಯುಧ ರಿಪೇರಿಗೂ ಲೈಸೆನ್ಸ್ ಬೇಕು. ಲೇತ್‌ನವರಿಗೆ ಕೊಟ್ಟರೆ ಪೊಲೀಸ್ ಕೇಸ್ ಅವರ ಮೇಲೂ ಬೀಳುತ್ತದೆ, ನಿನ್ನ ಮೇಲೂ ಬೀಳುತ್ತದೆ.

ಗೂಡು ಮಾರ್ಕೆಟ್, ಶಿಡ್ಲಘಟ್ಟ
ಭಾನುವಾರ ರಾತ್ರಿ 8.20

ಹೋಗಿ ಬಂದೆ. ಫಲಿತಾಂಶ ಕೇಳಿ.

ಶನಿವಾರ ರಾತ್ರಿ ಕೂತು ಮ್ಯಾಗಝಿನ್ ತೆಗೆದು, ಸ್ಲೈಡ್ ಎಳೆದು, ಒಳಗೆ ಗುಂಡು ಇಲ್ಲ ಅಂತ ಬೆರಳು ಹಾಕಿ ನೋಡಿ, ಪುಸ್ತಕದಲ್ಲಿ ಹೇಳಿದ ಹಾಗೆ ಬಿಚ್ಚಿದೆ. ಪಿನ್ ಜಾಗಕ್ಕೆ ಕಿವಿಯ ಹತ್ತಿ ಕಡ್ಡಿ ಹಾಕಿ ತಿರುಗಿಸಿದೆ. ಕೆಂಪಗೆ ಬಂತು. ಇನ್ನೊಂದು ಹಾಕಿದೆ, ಅದೂ ಕೆಂಪು. ಹೊಲಿಗೆ ಮೆಷಿನ್ ಎಣ್ಣೆಯಲ್ಲಿ ಕಲಸಿದ ಕುಂಕುಮ, ಹಣೆಗೆ ಇಡುವ ಹದಕ್ಕೆ. ನಾಲ್ಕು ಕಡ್ಡಿ ಆದಮೇಲೆ ಬೆಳ್ಳಗೆ ಬಂತು. ಹೆಂಡತಿ ನೋಡಿ 'ಗೃಹಪ್ರವೇಶ ಆಯಿತಾ?' ಅಂದಳು.

ಅವಳ ನೇಲ್ ಪಾಲಿಶ್ ಕೇಳಿ ಮ್ಯಾಗಝಿನ್‌ಗೆ 1, 2 ಬರೆದೆ. ಗುಂಡಿನ ಅಂಚು ಹವಾಲ್ದಾರ್ ಸಾರ್ ಹೇಳಿದ ಹಾಗೆ ಮುಂದೆ ಮುಂದೆ ಬರುವಂತೆ ತುಂಬಿದೆ.

ಒಟ್ಟು 40 ಗುಂಡು. 1ರಲ್ಲಿ 20, ಒಂದೂ ನಿಲ್ಲಲಿಲ್ಲ. 2ರಲ್ಲಿ 20, ಮೂರು ಸಲ ನಿಂತಿತು. ಮೂರೂ ಸಲ ಮೂತಿ ಒಂದೇ ಕಡೆಗೆ, ಎಡಕ್ಕೆ ವಾಲಿತ್ತು. ಎರಡೂ ಮ್ಯಾಗಝಿನ್ ಪಕ್ಕ ಪಕ್ಕ ಇಟ್ಟು ಮೇಲಿನಿಂದ ನೋಡಿದರೆ 2ರ ಬಾಯಿಯ ಒಂದು ತುಟಿ ಸ್ವಲ್ಪ ಹೊರಕ್ಕೆ ಬಾಗಿದೆ. ಒಂದು ಸಲ ಅಂಗಳದ ಕಲ್ಲಿನ ಮೇಲೆ ಬೀಳಿಸಿದ್ದೆ. ಈಗ ನೆನಪಾಗುತ್ತಿದೆ. 'ಟಕ್' ಒಂದೂ ಇಲ್ಲ. ಖಾಲಿ ಕೇಸ್ ಸಿಕ್ಕಿದ್ದೂ ಇಲ್ಲ.

ಮೇಡಂ ಏನು ಹೇಳುತ್ತಾರೆ ಗೊತ್ತು, 20 ಗುಂಡು ಸಾಲದು ಅಂತ. ನೋಟ್‌ಬುಕ್ ತಗೊಂಡಿದ್ದೇನೆ.

ಹೊಸ ಮ್ಯಾಗಝಿನ್ ಕೇಳಿದೆ, ಬರಲು ಎರಡು ತಿಂಗಳು ಅಂದರು. ಪಿಸ್ತೂಲು ಈಗ ತಗೊಂಡಿದ್ದರೆ ಇನ್ನೂ ಜಾಸ್ತಿ ಆಗುತ್ತಿತ್ತಂತೆ. 2025ರ ಸೆಪ್ಟೆಂಬರ್‌ನಿಂದ ಪಿಸ್ತೂಲು, ರಿವಾಲ್ವರ್ ಮೇಲೆ ಜಿಎಸ್‌ಟಿ 28ರಿಂದ 40 ಪರ್ಸೆಂಟ್ ಆಗಿದೆ. ಮಧ್ಯದ ಬೆಲೆ ಅನ್ನುವುದು ಇನ್ನು ಮೇಲೆ ಎಲ್ಲಿರುತ್ತೋ.

ಟೊಮೆಟೊ ಮಂಡಿ, ವಡ್ಡಹಳ್ಳಿ
ಭಾನುವಾರ ರಾತ್ರಿ 8.55

ನಾನೂ ಹೋಗಿದ್ದೆ. ಹದಿನೆಂಟು ಹಳೇ ಗುಂಡು. ಎರಡು ಹಾರಲಿಲ್ಲ, ಮೂರು ಸಲ ಸಿಕ್ಕಿಕೊಂಡಿತು. ಎಂಟು ವರ್ಷದ ಮರ್ಯಾದೆ ಹೋಯಿತು. ಮೇಡಂ, ನೋಟ್‌ಬುಕ್‌ನಲ್ಲಿ ಏನೇನು ಗೆರೆ ಹಾಕಬೇಕು, ಒಂದು ಫೋಟೋ ಹಾಕಿ.

ಲೆಕ್ಕದ ಮೇಡಂ, ತುಮಕೂರು
ಭಾನುವಾರ ರಾತ್ರಿ 9.10

ತಾರೀಕು, ಮ್ಯಾಗಝಿನ್ ನಂಬರ್, ಗುಂಡಿನ ಡಬ್ಬಿ ಯಾವಾಗ ಕೊಂಡದ್ದು, ಎಷ್ಟು ಹೊಡೆದಿರಿ, ಎಷ್ಟನೇ ಗುಂಡಿಗೆ ಹೇಗೆ ನಿಂತಿತು. ಐದೇ ಕಾಲಂ. ಶಿಡ್ಲಘಟ್ಟದವರೇ, ನೀವು ಹೇಳಿದ್ದು ಸರಿ, 20 ಸಾಲದು.

ಗೂಡು ಮಾರ್ಕೆಟ್, ಶಿಡ್ಲಘಟ್ಟ
ಭಾನುವಾರ ರಾತ್ರಿ 9.25

ಆಗಲಿ ಮೇಡಂ. ಅಮ್ಮನಿಗೂ ಹತ್ತಿ ಕಡ್ಡಿ ತೋರಿಸಿದೆ. ಮುಂದಿನ ವರ್ಷದಿಂದ ಕುಂಕುಮ ಪಿಸ್ತೂಲಿನ ಡಬ್ಬಿಗೆ ಮಾತ್ರ ಅಂತ ಒಪ್ಪಿದ್ದಾರೆ. ಹೂವು ಮಾತ್ರ ಪಿಸ್ತೂಲಿನ ಮೇಲೇ ಇಡಬೇಕಂತೆ.

ಮಾಜಿ ಹವಾಲ್ದಾರ್, ಮಾಲೂರು
ಭಾನುವಾರ ರಾತ್ರಿ 9.31

ಮಲ್ಲಿಗೆ ಆದರೆ ಪರವಾಗಿಲ್ಲ. ಚೆಂಡು ಹೂವು ಬೇಡ, ಎಸಳು ಉದುರುತ್ತದೆ.